ವೋಟು ಸಾಗಿಸುವ ಸೇವೆ: ಗುಂಪಾಗಿ ಘಟ್ಟಕ್ಕೆ ಬರುವವರ ಕಣ್ಣಲ್ಲಿ ಫಾರಂ 8

ಸೇವೆ: ಚುನಾವಣಾ ಆಯೋಗದ ಫಾರಂ 8, ವಾಸಸ್ಥಳ ಬದಲಾವಣೆ ವಿಭಾಗ
ಶುಲ್ಕ: ಇಲ್ಲ
ಒಬ್ಬ ಮತದಾರನ ಹೆಸರು ಸಾಗಿಸಲು: 5ಕ್ಕೆ 4 ಅಂಕ
ಊರಿನ ಕಾನೂನು ಬದಲಿಸಲು: 5ಕ್ಕೆ 1, ಅದೂ ಉದಾರವಾಗಿ

2011ರ ಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಎಂಬ ಇಡೀ ರಾಜ್ಯದ್ದು 2010ರಲ್ಲಿ 13,16,470. ನಮ್ಮ ಜಿಲ್ಲೆಗಿಂತ ಚಿಕ್ಕದಾದ ಆ ರಾಜ್ಯದ ಮೇಲೆ ಫ್ರೀ ಸ್ಟೇಟ್ ಪ್ರಾಜೆಕ್ಟ್‌ನವರ ಕಣ್ಣು ಬಿತ್ತು. ಸರ್ಕಾರ ಆದಷ್ಟು ಸಣ್ಣದಿರಬೇಕು, ತೆರಿಗೆ ಆದಷ್ಟು ಕಡಿಮೆ ಇರಬೇಕು ಎನ್ನುವ 20,000 ಜನ ಒಂದೇ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಕಾನೂನೇ ಬದಲಾಗುತ್ತದೆ ಎಂದು 2001ರಲ್ಲಿ ಜೇಸನ್ ಸೋರೆನ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಬರೆದ. 5,000 ಜನ ಸಹಿ ಹಾಕಿದ ಮೇಲೆ 2003ರಲ್ಲಿ ತಮ್ಮೊಳಗೇ ಮತ ಹಾಕಿ ರಾಜ್ಯವನ್ನು ಆರಿಸಿಕೊಂಡರು. 20,000 ಸಹಿ ತುಂಬಿದ್ದು 2016ರಲ್ಲಿ. ಸಹಿ ಹಾಕಿದವರಲ್ಲಿ ನಿಜಕ್ಕೂ ಗಂಟುಮೂಟೆ ಕಟ್ಟಿದವರು ಒಂದು ಪಾಲು ಮಾತ್ರ.

ಶಿರಸಿ, ಸಿದ್ದಾಪುರ, ಗೋಕರ್ಣದ ಕಡೆ ಕೂಡಿ ತೋಟ ಕೊಳ್ಳುವ ಗುಂಪುಗಳ ಮಾತುಕತೆಯಲ್ಲೂ ಇದೇ ಲೆಕ್ಕ ಇಣುಕುತ್ತದೆ. ರಾಸಾಯನಿಕವೇ ಇಲ್ಲದ ಊರು, ಪ್ಲಾಸ್ಟಿಕ್ಕೇ ಬಾರದ ಊರು, ಮದ್ಯದಂಗಡಿಯೇ ಇಲ್ಲದ ಊರು. ಸಿದ್ಧಾಂತ ಯಾವುದಾದರೂ ಆಗಲಿ, ವಾಕ್ಯ ಒಂದೇ: 'ನಾವು ಇನ್ನೂರು ಮನೆ ಬಂದು ಕೂತರೆ ಪಂಚಾಯ್ತಿ ನಮ್ಮದೇ.' ಆ ಇನ್ನೂರು ಮನೆಯವರು ಕಡೆಗೂ ಬಂದು ನಿಲ್ಲುವುದು ಫಾರಂ 8ರ ಎದುರು. ಹಾಗಾಗಿ ಆ ಸೇವೆಯನ್ನೇ ಇಲ್ಲಿ ತೂಗಿ ನೋಡಲಾಗಿದೆ.

ಮೊದಲು ಒಳ್ಳೆಯದು. 2022ರ ಆಗಸ್ಟ್ 1ಕ್ಕೆ ಮೊದಲು ಕ್ಷೇತ್ರದೊಳಗೇ ಮನೆ ಬದಲಿಸಿದರೆ ಫಾರಂ 8ಎ, ಕ್ಷೇತ್ರ ಬಿಟ್ಟು ಹೋದರೆ ಹೊಸ ಮತದಾರರು ಹಾಕುವ ಫಾರಂ 6 ಅನ್ನೇ ಮತ್ತೆ ತುಂಬಬೇಕಿತ್ತು. ಈಗ ಎರಡಕ್ಕೂ ಫಾರಂ 8 ಸಾಕು. ಮತದಾರರ ಸೇವಾ ಪೋರ್ಟಲ್‌ಗೆ ಮೊಬೈಲ್ ನಂಬರ್, ಒಟಿಪಿ ಕೊಟ್ಟು ಒಳಹೋಗಿ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹಾಕಿ, ವಾಸಸ್ಥಳ ಬದಲಾವಣೆ ಆರಿಸಿ, ಕ್ಷೇತ್ರದ ಒಳಗೋ ಹೊರಗೋ ಹೇಳಿದರೆ ವಿಳಾಸದ ಪುಟ ತೆರೆಯುತ್ತದೆ. ಹಳೆಯ ಊರಿನ ಪಟ್ಟಿಯಿಂದ ಹೆಸರು ತೆಗೆಸಲು ಬೇರೆ ಅರ್ಜಿ ಬೇಡ. ಜಾಲ ಸಿಗುವ ಕಡೆ ಕೂತರೆ ಕಾಲು ಗಂಟೆಯ ಕೆಲಸ.

ಎಡವುವುದು ಕ್ಷೇತ್ರ ಆರಿಸುವಲ್ಲಿ. ತಾಲ್ಲೂಕಿನ ಹೆಸರು ನೋಡಿ ಕ್ಷೇತ್ರ ಆರಿಸಬಾರದು. ಸಿದ್ದಾಪುರ ತಾಲ್ಲೂಕು ಶಿರಸಿ ಕ್ಷೇತ್ರದಲ್ಲಿದೆ. ಆದರೆ ಶಿರಸಿ ತಾಲ್ಲೂಕಿನದೇ ಆದ ಬನವಾಸಿ ಹೋಬಳಿ ಯಲ್ಲಾಪುರ ಕ್ಷೇತ್ರಕ್ಕೆ ಸೇರಿದೆ. ಮುಂಡಗೋಡ ಕೂಡ ಯಲ್ಲಾಪುರಕ್ಕೆ. ಜೋಯಿಡಾ ಹಳಿಯಾಳಕ್ಕೆ, ಅಂಕೋಲಾ ಕಾರವಾರಕ್ಕೆ. ಹೊನ್ನಾವರ ಒಡೆದು ಕುಮಟಾ, ಭಟ್ಕಳ ಎರಡಕ್ಕೂ ಹಂಚಿಹೋಗಿದೆ. ಅರ್ಜಿ ತಪ್ಪು ಕ್ಷೇತ್ರಕ್ಕೆ ಹೋದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಹುಡುಕಿ ಸುಸ್ತಾಗಿ 'ವಿಳಾಸದಲ್ಲಿ ಇಲ್ಲ' ಎಂದು ಬರೆದು ಕಳಿಸುತ್ತಾರೆ. ಪಕ್ಕದ ಮನೆಯವರ ಗುರುತಿನ ಚೀಟಿ ನೋಡಿ ಕ್ಷೇತ್ರ, ಭಾಗ ಸಂಖ್ಯೆ ಖಚಿತಪಡಿಸಿಕೊಂಡು ತುಂಬುವುದು ಜಾಣತನ.

ವಿಳಾಸದ ಪುಟ ಪೇಟೆಯವರಿಗೆಂದೇ ಮಾಡಿದ್ದು. ಘಟ್ಟದ ಮೇಲೆ ರಸ್ತೆಗಳಿಗೆ ಹೆಸರೆಲ್ಲಿ? ರಸ್ತೆಯ ಕಾಲಂನಲ್ಲಿ ಕೇರಿ ಅಥವಾ ಮಜರೆಯ ಹೆಸರು ಬರೆಯಬೇಕು, ಮನೆ ಸಂಖ್ಯೆಯ ಜಾಗದಲ್ಲಿ ಪಂಚಾಯ್ತಿ ಕೊಟ್ಟ ಸಂಖ್ಯೆ, ಊರಿಗೂ ಅಂಚೆ ಕಚೇರಿಗೂ ಹೆಸರು ಬೇರೆಯಾಗಿದ್ದರೆ ಎರಡನ್ನೂ ಬೇರೆ ಬೇರೆ ಹಾಕಬೇಕು. ಲಿಪ್ಯಂತರ ಇನ್ನೊಂದು ತಲೆನೋವು. ಇಂಗ್ಲಿಷಿನಲ್ಲಿ ಟೈಪಿಸಿದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸುವಾಗ ಹೆಗಡೆ ಹೆಗ್ಡೆಯಾಗುತ್ತಾರೆ, ಭಟ್ಟರು ಭಟ್ ಆಗುತ್ತಾರೆ, ಗಾಂವ್ಕರ ಏನೇನೋ ಆಗುತ್ತಾರೆ. ಕನ್ನಡ ಪೆಟ್ಟಿಗೆಯನ್ನು ಕೈಯಾರೆ ತಿದ್ದಿ ಮುಂದೆ ಹೋಗಬೇಕು. ಇಲ್ಲದಿದ್ದರೆ ತಿದ್ದುಪಡಿಗೆ ಇನ್ನೊಂದು ಫಾರಂ 8.

ಹೆಚ್ಚಿನ ಅರ್ಜಿ ಬೀಳುವುದು ವಿಳಾಸದ ದಾಖಲೆಯಲ್ಲಿ. ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ಕಂದಾಯ ಇಲಾಖೆಯ ಜಮೀನು ದಾಖಲೆ, ಕನಿಷ್ಠ ಒಂದು ವರ್ಷದ ನೀರು, ವಿದ್ಯುತ್ ಅಥವಾ ಗ್ಯಾಸ್ ಬಿಲ್, ನೋಂದಾಯಿತ ಬಾಡಿಗೆ ಕರಾರು, ನೋಂದಾಯಿತ ಕ್ರಯಪತ್ರ. ಇವುಗಳಲ್ಲಿ ಒಂದು ಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ನೋಟರಿ ಮಾಡಿಸಿ ತರುವವರೇ ಜಾಸ್ತಿ. ನೋಟರಿ ಮಾಡಿಸಿದ್ದು ನೋಂದಾಯಿತವಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸದ ಕರಾರು ಈ ಪಟ್ಟಿಯಲ್ಲೇ ಇಲ್ಲ. ಇಡೀ ತೋಟ ಒಬ್ಬರ ಹೆಸರಲ್ಲೋ ಕಂಪನಿಯ ಹೆಸರಲ್ಲೋ ಇದ್ದು, ಉಳಿದ ಮೂವತ್ತು ಜನ ಬರೇ ಷೇರುದಾರರಾಗಿದ್ದರೆ ಅವರ ಕೈಯಲ್ಲಿ ತೋರಿಸಲು ಕಾಗದವೇ ಇರುವುದಿಲ್ಲ. ಇಂಥವರು ಮೊದಲು ಆಧಾರ್ ವಿಳಾಸ ಬದಲಿಸಿ, ಆಮೇಲೆ ಫಾರಂ 8 ಹಾಕುವುದು ಸರಿಯಾದ ಕ್ರಮ.

ಕಾಗದ ಸರಿಯಿದ್ದರೂ ಅದರ ಹಿಂದೆ ಒಂದು ಪ್ರಶ್ನೆ ಕಾಯುತ್ತಿರುತ್ತದೆ: ನೀವು ಇಲ್ಲಿ ಇರುತ್ತೀರಾ? 1950ರ ಜನಪ್ರಾತಿನಿಧ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಮತದಾರ ಕ್ಷೇತ್ರದ 'ಸಾಮಾನ್ಯ ನಿವಾಸಿ'ಯಾಗಿರಬೇಕು. 20ನೇ ಕಲಂ ನೇರವಾಗಿಯೇ ಹೇಳುತ್ತದೆ, ಮನೆಯ ಒಡೆತನ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ. ಶನಿವಾರ ರಾತ್ರಿ ಬಸ್ಸು ಹತ್ತಿ ಬಂದು ಸೋಮವಾರ ಬೆಂಗಳೂರಲ್ಲಿ ಹಾಜರಿ ಹಾಕುವವರ ಅರ್ಜಿ ಬಿದ್ದುಹೋಗಲು ಇಷ್ಟು ಸಾಕು. ಆರು ತಿಂಗಳು ಇದ್ದಿರಬೇಕು ಎಂಬ ಮಾತು ಎಲ್ಲರ ಬಾಯಲ್ಲಿದೆ. ಕಾಯ್ದೆಯಲ್ಲಿ ದಿನದ ಲೆಕ್ಕ ಇಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ರ ಅರ್ಹತಾ ದಿನಾಂಕಗಳನ್ನೂ ಕೆಲವರು ಇದಕ್ಕೆ ತಳಕು ಹಾಕುತ್ತಾರೆ. ಅವು ಹದಿನೆಂಟು ತುಂಬಿದ್ದನ್ನು ಎಣಿಸಲು, ಮನೆ ಬದಲಾವಣೆಗೂ ಅವಕ್ಕೂ ಸಂಬಂಧವಿಲ್ಲ.

ಗುಂಪಿಗೆ ಗುಂಪೇ ಅರ್ಜಿ ಹಾಕಿದರೆ ಯಂತ್ರಕ್ಕೂ ಮನುಷ್ಯರಿಗೂ ಕಿವಿ ನಿಮಿರುತ್ತದೆ. ಒಂದೇ ಮನೆ ಸಂಖ್ಯೆಯಲ್ಲಿ ಹತ್ತಕ್ಕಿಂತ ಹೆಚ್ಚು ಮತದಾರರು ಕಂಡರೆ ಮರುಪರಿಶೀಲನೆ ಆಗುತ್ತದೆ. ಪಕ್ಷದ ಬೂತ್ ಏಜೆಂಟರೂ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ. ಬಿಎಲ್‌ಒ ಸಾಮಾನ್ಯವಾಗಿ ಅದೇ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ಯಾರ ಮನೆಯ ಒಲೆ ಹೊತ್ತಿದೆ, ಯಾರ ಮನೆಗೆ ಬೀಗ ಬಿದ್ದಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅರ್ಜಿಗಳ ಪಟ್ಟಿ ಪ್ರಕಟವಾಗಿ ಏಳು ದಿನ ಆಕ್ಷೇಪಣೆಗೆ ಬಿಡುತ್ತಾರೆ. ಹೆಸರು ಸೇರಿದ ಮೇಲೂ ಅದೇ ಕ್ಷೇತ್ರದ ಯಾವ ಮತದಾರನಾದರೂ ಹೆಸರು ತೆಗೆಸುವ ಫಾರಂ 7 ಹಾಕಬಹುದು, ವಿಚಾರಣೆ ನಡೆಯುತ್ತದೆ. ಸುಳ್ಳು ಘೋಷಣೆಗೆ 31ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅರ್ಜಿ ತಿರಸ್ಕಾರವಾದರೆ ಮೊದಲ ಮೇಲ್ಮನವಿ ಜಿಲ್ಲಾಧಿಕಾರಿಗೆ, ಎರಡನೆಯದು ಮುಖ್ಯ ಚುನಾವಣಾಧಿಕಾರಿಗೆ.

ಹೊಸಬರೆಂದು ತೋರಿಸಿಕೊಂಡು ಫಾರಂ 6 ಹಾಕುವ ಅಡ್ಡದಾರಿ ಬೇಡ. ಎರಡು ಕಡೆ ಹೆಸರು ಉಳಿದರೆ 17ನೇ ಕಲಂ ಉಲ್ಲಂಘನೆ. ಎಲ್ಲ ಸರಿಯಿದ್ದರೆ ತಿಂಗಳ ಆಸುಪಾಸಿನಲ್ಲಿ ಹೆಸರು ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆ ಲೆಕ್ಕ ಹಿಡಿಯಬೇಡಿ. ಸಂಕ (ಹಳ್ಳದ ಕಾಲುಸೇತುವೆ) ದಾಟಿ ಒಂಟಿ ಮನೆ ತಲುಪುವುದು ಬಿಎಲ್‌ಒಗೂ ಕಷ್ಟ, ಕರೆಂಟು ಹೋದರೆ ಜಾಲವೂ ಹೋಗುತ್ತದೆ. ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಪಟ್ಟಿ ಮುಟ್ಟುವಂತಿಲ್ಲ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ಬರೆಸಬಹುದು. ಅಲ್ಲಿನ ಲೆಕ್ಕಾಚಾರ ಇಲ್ಲಿಗೆ ಹೊಂದದಿರಲು ಇದೂ ಒಂದು ಕಾರಣ.

ಈಗ ಆ 'ಇನ್ನೂರು ಮನೆ'ಯ ಗಣಿತ. ರಾಜ್ಯದ ಬೇರೆಡೆ ಗ್ರಾಮ ಪಂಚಾಯ್ತಿಗೆ ಕನಿಷ್ಠ 5,000 ಜನ ಬೇಕಾದರೆ ಉತ್ತರ ಕನ್ನಡದಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಸಾಕು. 400 ಜನಕ್ಕೆ ಒಬ್ಬ ಸದಸ್ಯ. ನಾನೂರರಲ್ಲಿ ಮತದಾರರು ಸುಮಾರು 300, ಮತ ಹಾಕುವವರು 240 ಎಂದಿಟ್ಟುಕೊಂಡರೆ ನೇರ ಸ್ಪರ್ಧೆಯಲ್ಲಿ 121 ಮತ ಗೆಲುವು. 3,000 ಜನರ ಪಂಚಾಯ್ತಿಯಲ್ಲಿ ಎಂಟು ಸ್ಥಾನ, ಬಹುಮತಕ್ಕೆ ಐದು. ಕಾಗದದ ಮೇಲೆ ಸುಮಾರು 600 ಮತ. ಲೆಕ್ಕ ನೋಡಿದರೆ ಆಸೆ ಹುಟ್ಟುವುದು ಸಹಜ. ಕುಮಟಾ ವಿಧಾನಸಭಾ ಕ್ಷೇತ್ರದಲ್ಲೇ 2023ರ ಗೆಲುವಿನ ಅಂತರ 676 ಮತವಷ್ಟೇ ಆಗಿತ್ತಲ್ಲ!

ಆದರೆ ಆ 600 ಮತ ಐದು ವಾರ್ಡಿಗೆ ಹದವಾಗಿ ಹಂಚಿರಬೇಕು, ತೋಟ ಸಿಗುವುದು ಮಾರುವವರಿದ್ದ ಕಡೆ. ಅರ್ಧ ಸ್ಥಾನ ಮಹಿಳೆಯರಿಗೆ, ಉಳಿದದ್ದರಲ್ಲೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ, ಅದೂ ಸರದಿಯಂತೆ ಬದಲಾಗುತ್ತದೆ. ಒಂದೇ ಬಗೆಯ ಮನೆತನದಿಂದ ಬಂದ ಸ್ನೇಹಿತರ ಗುಂಪಿಗೆ ಅರ್ಧಕ್ಕರ್ಧ ಸ್ಥಾನಕ್ಕೆ ಅಭ್ಯರ್ಥಿಯೇ ಸಿಗುವುದಿಲ್ಲ. ಅಧ್ಯಕ್ಷಗಿರಿ ಮೂವತ್ತು ತಿಂಗಳಿಗೆ ಮತ್ತೊಬ್ಬರಿಗೆ. ಮನೆಯಲ್ಲಿ ಶೌಚಾಲಯ ಇಲ್ಲದವರು ಸದಸ್ಯರಾಗುವಂತಿಲ್ಲ. ಮಣ್ಣಿನ ಕಾಟೇಜು, ಟೆಂಟು ಎಂದು ನೆಲೆಸುವವರು ಇದನ್ನು ಮರೆಯಬಾರದು.

ಗೆದ್ದಿರಿ ಎಂದೇ ಇಟ್ಟುಕೊಳ್ಳಿ. ಕೈಗೆ ಬರುವುದು ಏನು? ನಲ್ಲಿ ನೀರಿನ ದರ, ಬೀದಿದೀಪ, ಕಸ, ಸಂತೆಯ ಶುಲ್ಕ, ನಿಗದಿತ ಮಿತಿಯೊಳಗೆ ಮನೆ ಕಂದಾಯ, ಯಾವ ರಸ್ತೆಗೆ ಮೊದಲು ಜಲ್ಲಿ ಎಂಬ ತೀರ್ಮಾನ. ಇವು ಸಣ್ಣವೇನಲ್ಲ, ಕಸದ ವಿಷಯದಲ್ಲಂತೂ ನಿಜವಾದ ಬದಲಾವಣೆ ಸಾಧ್ಯ. ಉಪವಿಧಿ ಮಾಡಿದರೆ ಮೇಲಿನ ಒಪ್ಪಿಗೆ ಬೇಕು. ಭೂಮಿಯ ಕಾನೂನು ಬೆಂಗಳೂರಿನದು, ಅಬಕಾರಿಯೂ ಅಲ್ಲಿನದೇ. ಕರಾವಳಿ ನಿಯಂತ್ರಣ ವಲಯ ದೆಹಲಿಯದು. ಕಾಡು ಇಬ್ಬರದೂ, ಜಿಲ್ಲೆಯ ಬಹುಪಾಲು ನೆಲ ಅರಣ್ಯ ಎಂದಾದ ಮೇಲೆ ಪಂಚಾಯ್ತಿ ಠರಾವು ಎಷ್ಟು ದೂರ ನಡೆದೀತು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರಿಗೂ ತೋಟ ಕೊಳ್ಳುವ ದಾರಿ ತೆರೆಯಿತು, ನಿಜ. ತೋಟದ ಜೊತೆ ಬರುವ ಸೊಪ್ಪಿನ ಬೆಟ್ಟ (ಸೊಪ್ಪು ತರಲು ಬಿಟ್ಟ ಕಾಡು) ಮಾತ್ರ ಸವಲತ್ತು, ಒಡೆತನವಲ್ಲ. ಸೊಪ್ಪು, ದರಕು (ಒಣ ಎಲೆ) ತರಬಹುದು. ಅಲ್ಲಿ ಕಾಟೇಜು ಎಬ್ಬಿಸಿದರೆ ಅರಣ್ಯ ಮೊಕದ್ದಮೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಾರಂಪರಿಕ ಅರಣ್ಯವಾಸಿ ಎನ್ನಿಸಿಕೊಳ್ಳಲು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಬೇಕು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮನೆಗಳೇ ಆ ದಾಖಲೆ ಒದಗಿಸಲಾಗದೆ ಒದ್ದಾಡುತ್ತಿರುವಾಗ ನಿನ್ನೆ ಬಂದವರ ಮಾತೇಕೆ.

ಅಮೆರಿಕದ ಗುಂಪು ನ್ಯೂ ಹ್ಯಾಂಪ್‌ಷೈರ್ ಆರಿಸಿದ್ದಕ್ಕೆ ಗಟ್ಟಿ ಕಾರಣ ಇತ್ತು. ಅದು ರಾಜ್ಯ, ಸ್ವಂತ ಶಾಸನಸಭೆ ಇದೆ, ಕೆಳಮನೆಯಲ್ಲಿ 400 ಸದಸ್ಯರು. ಹೆಚ್ಚುಕಡಿಮೆ 3,300 ಜನಕ್ಕೆ ಒಬ್ಬ ಶಾಸಕ, ವರ್ಷಕ್ಕೆ 100 ಡಾಲರ್ ಸಂಬಳ. ಆ ರಾಜ್ಯಕ್ಕಿಂತ ದೊಡ್ಡದಾದ ನಮ್ಮ ಇಡೀ ಜಿಲ್ಲೆಗೆ ಇರುವುದು ಆರು ಶಾಸಕರು. ಅಲ್ಲಿ ನೆರೆಹೊರೆಯ ಮತದಿಂದ ಶಾಸಕನಾಗಬಹುದು, ಇಲ್ಲಿ ಅಷ್ಟೇ ಶ್ರಮಕ್ಕೆ ಪಂಚಾಯ್ತಿ ಸದಸ್ಯತ್ವ.

ಅಷ್ಟಿದ್ದೂ ಅಲ್ಲಿ ಏಟು ತಿಂದದ್ದುಂಟು. ಕ್ರಾಯ್ಡನ್ ಎಂಬ ಸುಮಾರು 800 ಜನರ ಊರಿನಲ್ಲಿ 2022ರ ಮಾರ್ಚ್‌ನ ವಾರ್ಷಿಕ ಶಾಲಾ ಸಭೆಗೆ ಬಂದವರು ಕೆಲವೇ ಜನ. ಫ್ರೀ ಸ್ಟೇಟ್ ನಂಟಿನ ಒಬ್ಬರು ಶಾಲೆಯ 17 ಲಕ್ಷ ಡಾಲರ್ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸುವ ಸೂಚನೆ ತಂದರು. ಪರ 20, ವಿರುದ್ಧ 14 ಮತದಿಂದ ಪಾಸಾಯಿತು. ಊರವರು ಎದ್ದು ಕೂತರು. ತೀರ್ಮಾನ ತಿರುಗಿಸಲು ಅರ್ಧದಷ್ಟು ಮತದಾರರು ಹಾಜರಿರಬೇಕಿತ್ತು. ಮನೆಮನೆ ತಿರುಗಿ ಜನ ಸೇರಿಸಿದರು, ಮೇ ತಿಂಗಳ ವಿಶೇಷ ಸಭೆಯಲ್ಲಿ ಪರ 377, ವಿರುದ್ಧ 2 ಮತದಿಂದ ಹಳೆಯ ಬಜೆಟ್ ವಾಪಸು ಬಂತು. ಆರೆಗಾನ್‌ನಲ್ಲಿ ರಜನೀಶರ ಅನುಯಾಯಿಗಳು 1981ರಲ್ಲಿ 64,000 ಎಕರೆ ಕೊಂಡು, ಪಕ್ಕದ ಆ್ಯಂಟಲೋಪ್ ಎಂಬ ಪುಟ್ಟ ಊರಿನ ಆಡಳಿತ ಹಿಡಿದು, ಹೆಸರನ್ನೇ ರಜನೀಶ್ ಎಂದು ಬದಲಿಸಿದ್ದರು. 1984ರ ಕೌಂಟಿ ಚುನಾವಣೆಗಾಗಿ ಬೇರೆ ಊರುಗಳಿಂದ ಮನೆಯಿಲ್ಲದವರನ್ನು ಬಸ್ಸಿನಲ್ಲಿ ತಂದಾಗ ಅಧಿಕಾರಿಗಳು ಹೊಸ ನೋಂದಣಿಯನ್ನೇ ತಡೆಹಿಡಿದು ಒಬ್ಬೊಬ್ಬರ ವಿಚಾರಣೆಗೆ ಇಟ್ಟರು. 1985ರಲ್ಲಿ ಊರು ಮತ್ತೆ ಆ್ಯಂಟಲೋಪ್ ಆಯಿತು.

ನಮ್ಮ ಜಿಲ್ಲೆಗೆ ಗುಂಪಾಗಿ ಬಂದು ನೆಲೆಸಿದವರೆಂದರೆ ಮುಂಡಗೋಡದ ಟಿಬೆಟನ್ನರು, 1966ರಿಂದ. ಕಾನೂನು ಬದಲಿಸಲು ಬಂದವರಲ್ಲ. ಭಾರತದಲ್ಲಿ 1950 ಮತ್ತು 1987ರ ನಡುವೆ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ನಾಗರಿಕರು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ ಮೇಲೆ, 2014ರಲ್ಲಿ ಅಂಥವರ ಹೆಸರು ಮತಪಟ್ಟಿಗೆ ಸೇರಿಸಲು ಆಯೋಗ ಸೂಚಿಸಿತು. ಅಷ್ಟರಲ್ಲಿ ಅರ್ಧ ಶತಮಾನ ಸಮೀಪಿಸಿತ್ತು.

ಇಷ್ಟೆಲ್ಲ ಓದಿಯೂ ಬರುವ ಮನಸ್ಸಿದ್ದರೆ, ಫಾರಂ 8 ಆದ ಕೂಡಲೇ ಪಂಚಾಯ್ತಿ ಚುನಾವಣೆಯ ಪಟ್ಟಿಯನ್ನೂ ನೋಡಿ. ಅದು ವಿಧಾನಸಭಾ ಪಟ್ಟಿಯಿಂದಲೇ ತಯಾರಾದರೂ ವಾರ್ಡುವಾರು ಬೇರೆಯಾಗಿ ಪ್ರಕಟವಾಗುತ್ತದೆ, ಹಂಚುವಾಗ ಹಳ್ಳದ ಆಚೆಯ ಮನೆ ಈಚೆಯ ವಾರ್ಡಿಗೆ ಬೀಳುವುದು ಸಾಮಾನ್ಯ. ಕರಡು ಪಟ್ಟಿಯಲ್ಲೇ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಚುನಾವಣೆಗೆ ಕಾಯದೆ ಗ್ರಾಮಸಭೆಗೆ ಹೋಗಬಹುದು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ. ಅಡಿಕೆ ಕೊಯ್ಲಿನ ದಿನಗಳಲ್ಲಿ ಆ ನೂರೂ ತುಂಬದೆ ಸಭೆ ಮುಂದೂಡುವುದುಂಟು.