ಮಿಕ್ಸ್ ಎಷ್ಟು ಉದ್ದ ಇರಬೇಕು? 30, 60, 120 ನಿಮಿಷ ಮೂರನ್ನೂ ಮಾಡಿ ನೋಡಿದೆ

ಒಂದೇ ಸಂಗ್ರಹದ ಹಾಡುಗಳಿಂದ ನಾಲ್ಕು ಡಿಜೆ ಮಿಕ್ಸ್ (ಹಾಡುಗಳನ್ನು ಒಂದರೊಳಗೊಂದು ಬೆರೆಸಿ, ನಿಲ್ಲದೆ ಓಡಿಸೋದು) ರೆಕಾರ್ಡ್ ಮಾಡಿದೆ. ಒಂದು 30 ನಿಮಿಷ, ಒಂದು 60, ಒಂದು 120. ಕೊನೆಯದಕ್ಕೆ ಗಡಿಯಾರವನ್ನೇ ನೋಡಲಿಲ್ಲ. ಎಲ್ಲವೂ ಹೌಸ್ ಅನ್ನೋ ನೃತ್ಯ ಸಂಗೀತದ ಟ್ರ್ಯಾಕ್‌ಗಳು, ವೇಗ 118ರಿಂದ 126 ಬಿಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಬೀಟ್. ಹಾಡು ಓಡಿಸುವ ಅದೇ ಎರಡು ಡೆಕ್, ಅವನ್ನು ಬೆರೆಸುವ ಅದೇ ಮಿಕ್ಸರ್. ಉದ್ದ ಮಾತ್ರ ಬೇರೆ.

ಹಿಂದೆ ಈ ತಲೆನೋವು ಇರಲಿಲ್ಲ. ಸಿ-90 ಕ್ಯಾಸೆಟ್ ಅಂದರೆ ಒಂದು ಬದಿಗೆ 45 ನಿಮಿಷ, ಅಷ್ಟರೊಳಗೆ ಒಂದು ನಿಲುಗಡೆಗೆ ಬರಲೇಬೇಕು. ಸಿಡಿ ಬಂದಾಗ 74 ನಿಮಿಷ, ಆಮೇಲೆ 80. ಬಿಬಿಸಿ ರೇಡಿಯೋ 1ರಲ್ಲಿ 1993ರಲ್ಲಿ ಶುರುವಾದ ಎಸೆನ್ಷಿಯಲ್ ಮಿಕ್ಸ್ ಅನ್ನೋ ಡಿಜೆ ಕಾರ್ಯಕ್ರಮ ಎರಡು ಗಂಟೆಯದ್ದು, ಏಕೆಂದರೆ ರೇಡಿಯೋದಲ್ಲಿ ಅದಕ್ಕೆ ಸಿಕ್ಕ ಸಮಯ ಅಷ್ಟು. ಈಗ ಫೈಲ್‌ಗೆ ಅಂಥ ಗೋಡೆ ಇಲ್ಲ. ಒಳ್ಳೆಯ ಗುಣಮಟ್ಟದ (320 ಕೆಬಿಪಿಎಸ್) ಎಂಪಿ3 ಒಂದು ಗಂಟೆಗೆ ಸುಮಾರು 144 ಎಂಬಿ ಆಗುತ್ತದೆ, ಅಷ್ಟೇ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ನಾವೇ ತೀರ್ಮಾನಿಸಬೇಕು.

ಮೊದಲು 30 ನಿಮಿಷದ್ದು. 124 ಬಿಪಿಎಂನಲ್ಲಿ 32 ಬಾರ್ (ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಅಂದರೆ ಹೆಚ್ಚುಕಡಿಮೆ ಒಂದು ನಿಮಿಷ. ಒಂದು ಟ್ರ್ಯಾಕ್ ಇನ್ನೊಂದರೊಳಗೆ ಕರಗುವ ನೆಮ್ಮದಿಯ ಬ್ಲೆಂಡ್‌ಗೆ ನನಗೆ ಅಷ್ಟು ಬೇಕು. ಪ್ರತಿ ಟ್ರ್ಯಾಕ್‌ಗೂ ನಾಲ್ಕು ನಿಮಿಷ ಕೊಟ್ಟರೆ ಏಳೇ ಏಳು ಟ್ರ್ಯಾಕ್ ಹಿಡಿಯುತ್ತವೆ. ನಿಧಾನವಾಗಿ ಬಿಚ್ಚಿಕೊಳ್ಳುವ ಒಂದು ಟ್ರ್ಯಾಕ್‌ನಿಂದ ಶುರು ಮಾಡಿದೆ. ಅದು ನೆಲೆ ನಿಲ್ಲೋ ಹೊತ್ತಿಗೆ ಐದು ನಿಮಿಷ ಹೋಗಿತ್ತು. ಅಂದರೆ ಒಟ್ಟು ಸಮಯದ ಆರನೇ ಒಂದು ಭಾಗ! ಅದನ್ನು ತೆಗೆದು, ನೇರವಾಗಿ ನಡುವಿನಿಂದಲೇ ಹಿಡಿದೆ. ಆಮೇಲೆ ಇನ್ನೂ ನಾಲ್ಕು ಟ್ರ್ಯಾಕ್ ತುರುಕುವ ಆಸೆ ಹುಟ್ಟಿತು. ಡ್ರಮ್ ನಿಂತು ಹಾಡು ತೆಳುವಾಗುವ ಬ್ರೇಕ್‌ಡೌನ್‌ಗಳನ್ನು ಹಾರಿಸಿದೆ, ಒಂದೊಂದಕ್ಕೆ ಎರಡೂವರೆ ನಿಮಿಷ ಮಾಡಿದೆ. ಬ್ರೇಕ್‌ಡೌನ್ ಇಲ್ಲದಿದ್ದರೆ, ಬೀಟ್ ಮತ್ತೆ ಅಪ್ಪಳಿಸುವ ಡ್ರಾಪ್‌ಗೆ ಬೆಲೆ ಎಲ್ಲಿಂದ ಬರಬೇಕು? ಹಾಡುಗಳು ಉಸಿರಾಡಲಿಲ್ಲ. ಮತ್ತೆ ಏಳಕ್ಕೇ ಇಳಿಸಿದೆ.

ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ತಪ್ಪಾದರೆ ಮತ್ತೆ ಮೊದಲಿಂದ ಮಾಡಬಹುದು. ನಾನು ಆರು ಸಲ ರೆಕಾರ್ಡ್ ಮಾಡಿದೆ. ಆರನೆಯದರಲ್ಲಿ ಒಂದು ಬೀಟ್ ಕೂಡ ಜಾರಿಲ್ಲ. ಆದರೆ ಎರಡನೆಯದರಲ್ಲಿದ್ದ ಹುರುಪು ಆರನೆಯದರಲ್ಲಿ ಕೇಳಿಸಲಿಲ್ಲ. ಮುಂದೆ ಏನು ಬರುತ್ತದೆ ಅಂತ ಕೈಗೆ ಮೊದಲೇ ಗೊತ್ತಿತ್ತು, ಅಲ್ವಾ? ಎಲ್ಲಾದರೂ ನುಡಿಸಲು ಅವಕಾಶ ಕೇಳುವಾಗ ಕಳಿಸೋದಕ್ಕೆ ಇದೇ ಸರಿ. ನಿಮ್ಮ ಬ್ಲೆಂಡ್ ಹೇಗಿದೆ, ಆಯ್ಕೆ ಹೇಗಿದೆ ಅಂತ ತಿಳಿಯೋಕೆ ಅವರಿಗೆ ಅರ್ಧ ಗಂಟೆ ಸಾಕು.

60 ನಿಮಿಷದ್ದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹದಿನಾಲ್ಕು ಟ್ರ್ಯಾಕ್, ಎರಡೇ ಪ್ರಯತ್ನ. 41ನೇ ನಿಮಿಷದಲ್ಲಿ ಎರಡು ಟ್ರ್ಯಾಕ್‌ಗಳ ಕಿಕ್‌ಗಳು (ದಪ್ಪ ಡ್ರಮ್ ಏಟುಗಳು) ಕ್ಷಣಕಾಲ ಬೇರೆಯಾದವು, ಕೈಯಿಂದ ಎಳೆದು ಸೇರಿಸಿದೆ, ಹಾಗೇ ಬಿಟ್ಟೆ. ಇಪ್ಪತ್ತು ನಿಮಿಷ ಕಟ್ಟೋದು, ಇಪ್ಪತ್ತು ಏರಿಸೋದು, ಇಪ್ಪತ್ತು ಬೇರೆ ಕಡೆ ಕರೆದೊಯ್ಯೋದು. ಕೆಲಸ ಮಾಡುತ್ತಾ ಕೇಳಿದರೂ ಹಿಡಿಸಿತು, ನಡೆಯುತ್ತಾ ಕೇಳಿದರೂ ಹಿಡಿಸಿತು. ಸುರಕ್ಷಿತ ಉದ್ದ ಇದು. ಮೊದಲ ಮಿಕ್ಸ್ ಮಾಡುವವರು ಕಣ್ಣು ಮುಚ್ಚಿ ಇದನ್ನೇ ಹಿಡಿಯಬಹುದು.

ನಿಜವಾಗಿ ಕಲಿಸಿದ್ದು 120 ನಿಮಿಷದ್ದು.

ಮೊದಲ 25 ನಿಮಿಷ ನಾನು 118-119ರಲ್ಲೇ ಇದ್ದೆ. ದನಿ ಇಲ್ಲ, ಬರೀ ಡ್ರಮ್, ಬೇಸ್, ಸ್ವಲ್ಪ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು). ಒಂದು ಟ್ರ್ಯಾಕ್‌ಗೆ ಪೂರ್ತಿ ಏಳು ನಿಮಿಷ ಬಿಟ್ಟೆ. 31ನೇ ನಿಮಿಷದಲ್ಲಿ ಮೊದಲ ಸಲ ಒಂದು ಹೆಣ್ಣು ದನಿ ಬಂತು. ಮಾರನೇ ದಿನ ಕೇಳುವಾಗ ಅಲ್ಲಿ ಮೈ ಜುಂ ಅಂದಿತು. ಅದೇ ಟ್ರ್ಯಾಕ್ 60ರ ಮಿಕ್ಸ್‌ನಲ್ಲೂ ಇದೆ, 12ನೇ ನಿಮಿಷದಲ್ಲಿ. ಅಲ್ಲಿ ಅದು ಚೆಂದದ ಹಾಡು, ಅಷ್ಟೇ. ಇಲ್ಲಿ ಅರ್ಧ ಗಂಟೆಯ ಕಾಯುವಿಕೆ ಅದರ ಬೆನ್ನಿಗಿತ್ತು. ಇದನ್ನು ಚಿಕ್ಕ ಮಿಕ್ಸ್ ಕೊಡಲಾರದು. ಅದಕ್ಕೇ 'ಈ ಕಾಲದಲ್ಲಿ ಎರಡು ಗಂಟೆ ಯಾರು ಕೇಳ್ತಾರೆ' ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ.

ಆದರೆ 70ರಿಂದ 95ನೇ ನಿಮಿಷದವರೆಗೆ ಏನೂ ನಡೆಯುತ್ತಿಲ್ಲ. ಒಂದೇ ಬಗೆಯ ಉರುಳುವ ಬೇಸ್, ಒಂದೇ ಕೀ (ಶ್ರುತಿ), ಒಂದರ ಹಿಂದೊಂದು ಐದು ಟ್ರ್ಯಾಕ್. ಒಂದೊಂದೂ ಒಳ್ಳೆಯದೇ. ನುಡಿಸುವಾಗ ನನಗೆ ಗೊತ್ತೇ ಆಗಿರಲಿಲ್ಲ. ಆ ಹೊತ್ತಿಗೆ ನಾನು ಮಿಕ್ಸ್ ಕೇಳೋದು ಬಿಟ್ಟು, ಮುಂದಿನ ಟ್ರ್ಯಾಕ್ ಯಾವುದು ಸುಲಭವಾಗಿ ಸೇರುತ್ತದೆ ಅಂತ ಮಾತ್ರ ಹುಡುಕುತ್ತಿದ್ದೆ. ಸುಲಭವಾಗಿ ಸೇರೋದು ಯಾವುದು? ಈಗ ಓಡುತ್ತಿರುವುದರ ಹಾಗೇ ಇರೋದು.

ಇನ್ನೊಂದು ತೊಂದರೆ ಕಂಪ್ಯೂಟರ್ ತೋರಿಸುವ ರೆಕಾರ್ಡಿಂಗ್‌ನ ಅಲೆಯ ಚಿತ್ರದಲ್ಲೇ ಕಂಡಿತು. ಹೋಗ್ತಾ ಹೋಗ್ತಾ ಅಲೆ ದಪ್ಪ ಆಗಿದೆ. ಕಿವಿ ದಣಿದ ಹಾಗೆ ನಾನು ಗೇನ್ (ಸದ್ದಿನ ಮಟ್ಟ) ಅನ್ನು ಚೂರು ಚೂರೇ ಏರಿಸಿದ್ದೆ. ಕೊನೆಯ ಅರ್ಧ ಗಂಟೆ ಶುರುವಿಗಿಂತ ಸುಮಾರು 3 ಡಿಬಿ (ಡೆಸಿಬಲ್) ಜೋರಾಗಿತ್ತು, ಕೆಂಪು ದೀಪ ಮುಟ್ಟುತ್ತಿತ್ತು. ಉದ್ದದ ಮಿಕ್ಸ್ ಮಾಡುವವರು ಕಿವಿಯನ್ನು ನಂಬಬೇಡಿ, ಮೀಟರ್ ನೋಡಿ. ಶುರುವಿನಲ್ಲೇ 6 ಡಿಬಿ ಹೆಡ್‌ರೂಮ್ (ಕೆಂಪು ದೀಪಕ್ಕೆ ಮುಂಚಿನ ಖಾಲಿ ಜಾಗ) ಬಿಟ್ಟುಕೊಳ್ಳಿ.

ತಪ್ಪು ತಿದ್ದೋದು ಕೂಡ ಇಲ್ಲಿ ಬೇರೆ ಕತೆ. 97ನೇ ನಿಮಿಷದಲ್ಲಿ ಒಂದು ಬ್ಲೆಂಡ್ ಪೂರ್ತಿ ಕೆಟ್ಟಿತು. ಅದಕ್ಕಾಗಿ ಮತ್ತೆ ಎರಡು ಗಂಟೆ ಕೂರುವ ಶಕ್ತಿ ಇರಲಿಲ್ಲ. ಹಿಂದಿನ ಟ್ರ್ಯಾಕ್‌ನಿಂದ ಮತ್ತೆ ನುಡಿಸಿ, ಕಂಪ್ಯೂಟರ್‌ನಲ್ಲಿ ಜೋಡಿಸಿದೆ. ಬೇರೆಯವರಿಗೆ ಗೊತ್ತಾಗೋದಿಲ್ಲ, ನನಗೆ ಗೊತ್ತಾಗುತ್ತದೆ.

ಇದಾದ ಮೇಲೆ ನಾಲ್ಕನೆಯದಕ್ಕೆ ಕೂತೆ. ನಿಮಿಷ ಬರೆಯುವ ಬದಲು ಕಾಗದದ ಮೇಲೆ ತಿರುವುಗಳನ್ನು ಬರೆದೆ. ಕತ್ತಲೆಯಂಥ ಶುರು. ಮೊದಲ ದನಿ. ಮಂಕು ಭಾವದ ಮೈನರ್ ಸ್ವರಗಳಿಂದ ಬೆಳಕಿನಂಥ ಮೇಜರ್‌ಗೆ ದಾಟೋದು. ಬರೀ ತಾಳವಾದ್ಯ. ಕೊನೆಗೆ ಒಂದೊಂದೇ ಪದರ ಕಳಚಿ ಖಾಲಿ ಮಾಡೋದು. ಒಟ್ಟು ಐದು. ಒಂದು ತಿರುವು ಬಂದು, ಕೇಳುಗರು ಅದಕ್ಕೆ ಹೊಂದಿಕೊಂಡು, ಸಾಕು ಅನ್ನಿಸೋ ಮುಂಚೆ ಇನ್ನೊಂದು ಬರಬೇಕು. ನನ್ನ ಕೈಯಲ್ಲಿ ಇದಕ್ಕೆ 15 ನಿಮಿಷ ಹಿಡಿಯುತ್ತದೆ. ಸ್ಟಾಪ್ ಒತ್ತಿದಾಗ 76 ನಿಮಿಷ ಆಗಿತ್ತು, 17 ಟ್ರ್ಯಾಕ್. ಆಗ 120ರ ಮಿಕ್ಸ್ ಯಾಕೆ ಕುಸಿಯಿತು ಅಂತ ತಿಳಿಯಿತು. ಆ ಉದ್ದಕ್ಕೆ ಎಂಟು ತಿರುವು ಬೇಕಿತ್ತು. ನನ್ನ ಬಳಿ ಇದ್ದದ್ದು ಐದು, ಆರು.

ನಾಲ್ಕನ್ನೂ ಕೆಲವು ಗೆಳೆಯರಿಗೆ ಕೊಟ್ಟೆ, ಎಲ್ಲಿ ನಿಲ್ಲಿಸಿದಿರಿ ಅಂತ ಮಾತ್ರ ಹೇಳಿ ಅಂದೆ. 30 ನಿಮಿಷದ್ದನ್ನು ಎಲ್ಲರೂ ಮುಗಿಸಿದರು, ಯಾರೂ ಮತ್ತೆ ಅದರ ಮಾತೆತ್ತಲಿಲ್ಲ. 60ರಲ್ಲಿ ಇಬ್ಬರು ಟ್ರ್ಯಾಕ್ ಹೆಸರು ಕೇಳಿದರು. 120ರಲ್ಲಿ ಇಬ್ಬರು 80ನೇ ನಿಮಿಷದ ಆಸುಪಾಸಿನಲ್ಲಿ ಬಿಟ್ಟರು, ಸರಿಯಾಗಿ ನಾನು ಮಂಕಾದ ಜಾಗ. ರಾತ್ರಿ ಪ್ರಯಾಣದಲ್ಲಿ ಕೇಳಿದ ಒಬ್ಬಳಿಗೆ ಮಾತ್ರ ಅದೇ ಎಲ್ಲಕ್ಕಿಂತ ಇಷ್ಟವಾಯಿತು, ಮುಗಿದದ್ದೇ ಬೇಸರ ಅಂದಳು. 76ರದ್ದನ್ನು ಒಬ್ಬ ಅದೇ ವಾರ ಎರಡನೇ ಸಲ ಹಾಕಿಕೊಂಡ.

ಜನರಿಗೆ ಕಳಿಸೋದಕ್ಕೆ ನಾನು 76ರದ್ದನ್ನೇ ಆರಿಸಿದೆ. ಎರಡು ಗಂಟೆಯದ್ದನ್ನು ಅಳಿಸಿಲ್ಲ. ಅದರ ಮೊದಲ 31 ನಿಮಿಷ ಹಾಗೇ ಇರಲಿ ಅಂತ ಪಕ್ಕಕ್ಕಿಟ್ಟು, 70ರಿಂದ 95ರ ನಡುವಿನ ಆ ಐದು ಟ್ರ್ಯಾಕ್‌ಗಳಲ್ಲಿ ನಾಲ್ಕನ್ನು ತೆಗೆದೆ. ಖಾಲಿಯಾದ ಜಾಗಕ್ಕೆ ಒಂದು ತಿರುವು ಸಿಕ್ಕಿದೆ, ಇನ್ನೆರಡು ಬೇಕು. ಅವು ಸಿಗೋವರೆಗೆ ರೆಕಾರ್ಡ್ ಬಟನ್ ಒತ್ತೋದಿಲ್ಲ.