ಜಿಟಿಎಕ್ಸ್ 1650 ಬಿಟ್ಟು ಆರ್‌ಎಕ್ಸ್ 6600 ಹಾಕಿಸಿ ಎರಡು ವರ್ಷ

ಆಟಕ್ಕೆಂದು ಹೊಸ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600 ತರಲು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದಾಗ ಅಂಗಡಿಯವರು ಬಜೆಟ್ ಕೇಳಲಿಲ್ಲ. "ಎಸ್‌ಎಂಪಿಎಸ್ ಯಾವ್ದು ಸರ್?" ಅಂದರು. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ನನ್ನದು ಕ್ಯಾಬಿನೆಟ್ ಜೊತೆ ಬಂದದ್ದು ಅಂದೆ. "ಮನೆಗೆ ಹೋಗಿ ಬಿಚ್ಚಿ ನೋಡ್ಕೊಂಡು ಬನ್ನಿ" ಅಂತ ವಾಪಸ್ ಕಳಿಸಿದರು. ಬಂದು ಬಿಚ್ಚಿದರೆ, ಆರ್‌ಎಕ್ಸ್ 6600ಕ್ಕೆ ಬೇಕಾದ 8 ಪಿನ್ ಪವರ್ ಕೇಬಲ್ಲೇ ಅದರಲ್ಲಿ ಇಲ್ಲ. ಹಾಗಾಗಿ ಕಾರ್ಡಿಗಿಂತ ಮೊದಲು 550 ವ್ಯಾಟ್‌ನ ಎಸ್‌ಎಂಪಿಎಸ್ ಕೊಳ್ಳಬೇಕಾಯಿತು. ಆ ಖರ್ಚು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಹಳೆಯ ಜಿಟಿಎಕ್ಸ್ 1650ಕ್ಕೆ ಈ ರಗಳೆ ಇರಲಿಲ್ಲ. 75 ವ್ಯಾಟ್ ಕಾರ್ಡ್, ನನ್ನ ಬಳಿ ಇದ್ದದ್ದು ಮದರ್‌ಬೋರ್ಡಿನ ಸ್ಲಾಟ್‌ನಿಂದಲೇ ಕರೆಂಟ್ ಎಳೆದುಕೊಳ್ಳುವ ಮಾಡೆಲ್. ಮೂರು ವರ್ಷ ಸುಮ್ನೆ ಕೆಲಸ ಮಾಡಿತು. ವ್ಯಾಲರಂಟ್, ಜಿಟಿಎ 5 ಆಟಗಳು ಆರಾಮಾಗಿ ಓಡುತ್ತಿದ್ದವು. ಫೋರ್ಜಾ ಹರೈಜನ್ 5 ಹಾಕಿದ ದಿನ ಅದರ ಮಿತಿ ಗೊತ್ತಾಯಿತು. 4 ಜಿಬಿ ಮೆಮೊರಿ ತುಂಬಿದ ಕೂಡಲೇ ಕಾರು ಎಲ್ಲೋ ತಿರುವಿನಲ್ಲಿ ಗಕ್ಕನೆ ನಿಂತು ಮುಂದೆ ಹಾರುತ್ತಿತ್ತು. ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸುತ್ತಾ ಹೋದೆ. ಕೊನೆಗೆ ರಸ್ತೆ ಪಕ್ಕದ ಗೋಡೆಗೆಲ್ಲ ಕೆಸರು ಮೆತ್ತಿದ ಹಾಗೆ ಕಾಣತೊಡಗಿತು.

ಆರ್‌ಎಕ್ಸ್ 6600ರಲ್ಲಿ 8 ಜಿಬಿ ಇದೆ. ನನ್ನದು 1080ಪಿ, 75 ಹರ್ಟ್ಸ್ ಮಾನಿಟರ್. ಅದೇ ಫೋರ್ಜಾವನ್ನು ಹೈ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 75 ಫ್ರೇಮ್‌ಗೆ ಲಾಕ್ ಮಾಡಿ ಆಡುತ್ತೇನೆ, ಅಲ್ಲಾಡುವುದಿಲ್ಲ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವುದು) ಮಾಡುವ ಕಾರ್ಡೇ ಬೇಕು. ಅಂದರೆ 1650ಕ್ಕೆ ಬಾಗಿಲು ಮುಚ್ಚಿತು. ಕನಿಷ್ಠ ಬೇಕಾದ ಕಾರ್ಡ್‌ಗಳ ಪಟ್ಟಿಯಲ್ಲಿ 6600ರ ಹೆಸರು ನೋಡಿ ಖುಷಿಯೂ ಆಯಿತು, ಮುಂದಿನ ಸರದಿ ನನ್ನದೇ ಅಂತ ಭಯವೂ ಆಯಿತು. ಇನ್ನು ಸೈಬರ್‌ಪಂಕ್ 2077ರಲ್ಲಿ ರೇ ಟ್ರೇಸಿಂಗ್ ಆನ್ ಮಾಡುವ ಆಸೆ ಇದ್ದರೆ ಈ ಕಾರ್ಡ್ ಬೇಡ. ಒಂದು ಸಲ ಮಾಡಿ ನೋಡಿ ತಕ್ಷಣ ಆಫ್ ಮಾಡಿದೆ.

ತಮ್ಮನ ಹತ್ತಿರ ಆಫೀಸಿನಿಂದ ಬಂದ ಹಳೇ ರೆಡಿಮೇಡ್ ಕಂಪ್ಯೂಟರ್ ಇದೆ. ಅದರ ಎಸ್‌ಎಂಪಿಎಸ್ ಬದಲಾಯಿಸುವುದೇ ಕಷ್ಟ. ಅವನಿಗೆ 6 ಜಿಬಿಯ ಆರ್‌ಟಿಎಕ್ಸ್ 3050 ಕೊಡಿಸಿದೆ. 70 ವ್ಯಾಟ್ ಸಾಕು. ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ಎಐ ಬಳಸಿ ದೊಡ್ಡದು ಮಾಡಿ ಆಟದ ವೇಗ ಹೆಚ್ಚಿಸುವ ಸೌಲಭ್ಯ) ಸಿಗುತ್ತದೆ, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಕಲಿಯುತ್ತಿರುವ ಅವನಿಗೆ ನನ್ನ ಕಾರ್ಡಿಗಿಂತ ಅದೇ ವಾಸಿ. ಆಟದಲ್ಲಿ ಮಾತ್ರ ನನ್ನದು ಸಲೀಸಾಗಿ ಮುಂದೆ. ಒಂದು ಎಚ್ಚರಿಕೆ: 8 ಜಿಬಿಯ 3050 ಬೇರೆ, 6 ಜಿಬಿಯದು ಬೇರೆ. ಕಡಿಮೆಯಾಗಿರುವುದು ಮೆಮೊರಿ ಒಂದೇ ಅಲ್ಲ. ಚಿಪ್‌ನ ಕೋರ್‌ಗಳೂ ಕಡಿಮೆ, ಮೆಮೊರಿ ಬಸ್ (ಡೇಟಾ ಓಡಾಡುವ ದಾರಿ) 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಎರಡಕ್ಕೂ ಒಂದೇ ಹೆಸರಿಟ್ಟದ್ದು ನನ್ನ ಪ್ರಕಾರ ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸ.

ಅಗ್ಗಕ್ಕೆ ಸಿಗುತ್ತೆ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಹೋಗುವವರು ಮೊದಲು ಮದರ್‌ಬೋರ್ಡ್ ನೋಡಿ. ಅದು ಪಿಸಿಐಇಯ (ಕಾರ್ಡ್ ಮತ್ತು ಬೋರ್ಡಿನ ನಡುವಿನ ಡೇಟಾ ದಾರಿ) 4 ಲೇನ್ ಮಾತ್ರ ಬಳಸುತ್ತದೆ. ನನ್ನ ಎಚ್410 ತರದ ಪಿಸಿಐಇ 3.0 ಬೋರ್ಡಿನಲ್ಲಿ ಪಿಸಿಐಇ 4.0ರ ಅರ್ಧ ವೇಗವೇ ಸಿಗುವುದರಿಂದ ಸೊರಗುತ್ತದೆ. ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಆಟ ರೆಕಾರ್ಡ್ ಮಾಡುವವರಿಗೆ ಉಪಯೋಗವಿಲ್ಲ. 6600ಕ್ಕೆ 8 ಲೇನ್ ಇರುವುದರಿಂದ ನನಗೆ ಅಷ್ಟೇನೂ ಪೆಟ್ಟು ಬಿದ್ದಿಲ್ಲ.

ದಿನದ ಕೆಲಸದ ಮಾತಿಗೆ ಬಂದರೆ, ಕಳೆದ ಬೇಸಿಗೆಯಲ್ಲಿ ಒಂದು ಫ್ಯಾನ್ ಕಿರ್ ಕಿರ್ ಅನ್ನತೊಡಗಿತು. ಅದುವರೆಗೆ ಆಟ ಇಲ್ಲದಾಗ ಫ್ಯಾನ್ ತಿರುಗುತ್ತಲೇ ಇರಲಿಲ್ಲ, ಆಟ ಶುರುವಾದ ಮೇಲೂ ಹದವಾದ ಸದ್ದು. ಬ್ರಷ್ ಹಾಕಿ ಧೂಳು ತೆಗೆದರೂ ಹೋಗಲಿಲ್ಲ. ವಾರಂಟಿ ಇತ್ತು, ಕೊಟ್ಟೆ. ಸರ್ವೀಸ್‌ನವರು "ಪಾರ್ಟ್ ಬರ್ಬೇಕು" ಅನ್ನುತ್ತಲೇ ತಿಂಗಳು ಕಳೆದರು. ಆ ಒಂದು ತಿಂಗಳು ಐ3 ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಎಲ್ಲ ನಡೆಯಿತು. ನುಡಿಯಲ್ಲಿ ಟೈಪಿಂಗ್, ಎಕ್ಸೆಲ್, ಯೂಟ್ಯೂಬ್, ಮಗನ ಆನ್‌ಲೈನ್ ಕ್ಲಾಸು, ಯಾವುದೂ ನಿಂತಿಲ್ಲ. ಬರೀ ಇಷ್ಟಕ್ಕೆ ಕಾರ್ಡ್ ಹುಡುಕುತ್ತಿದ್ದರೆ ಆ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಿ.

ಕಾರ್ಡ್ ಇಲ್ಲ ಅನ್ನೋದು ಮನೆಯಲ್ಲಿ ಕಾಡಿದ್ದು ನನ್ನನ್ನು, ಮಗನನ್ನು ಮಾತ್ರ. ರಿಪೇರಿಯಾಗಿ ಬಂದ ದಿನ ಹೆಂಡತಿ ಡಬ್ಬಿ ನೋಡಿ, "ಒಂದು ತಿಂಗಳು ನೆಮ್ಮದಿಯಾಗಿತ್ತು, ಮತ್ತೆ ಯಾಕೆ ತಂದ್ರಿ?" ಅಂದಳು.