ಬೆಸುಗೆಯ ಆಯಸ್ಸನ್ನೂ ಲೆಕ್ಕ ಹಾಕಿ ಕೊಡುವ ಕಪನೂರಿನ ಅಲ್ಯುಮಿನಿಯಂ ವರ್ಕ್‌ಶಾಪ್

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಅಲ್ಯುಮಿನಿಯಂ ಬೆಸುಗೆಯನ್ನೇ ಮುಖ್ಯ ಕಸುಬಾಗಿಸಿಕೊಂಡ ವರ್ಕ್‌ಶಾಪ್ ಒಂದಿದೆ. ಸೇಡಂ ಮತ್ತು ವಾಡಿ ಕಡೆಯ ಕಾರ್ಖಾನೆಗಳಿಂದ ಸಿಮೆಂಟ್ ಸಾಗಿಸುವ ನಮ್ಮ ಅಲ್ಯುಮಿನಿಯಂ ಬಲ್ಕರ್ (ಪುಡಿ ಸಿಮೆಂಟ್ ತುಂಬುವ ಟ್ಯಾಂಕ್ ಲಾರಿ) ಅನ್ನು ಅಲ್ಲಿ ರಿಪೇರಿ ಮಾಡಿಸಿದ್ದೇವೆ. ಬೆಸುಗೆ ಹಾಕಿ ಕೊಡುವವರು ಈ ಭಾಗದಲ್ಲಿ ಬೇಕಾದಷ್ಟು ಜನರಿದ್ದಾರೆ. ಹಾಕಿದ ಬೆಸುಗೆ ನಮ್ಮ ರಸ್ತೆಯಲ್ಲಿ, ನಮ್ಮ ಹೊರೆಯಲ್ಲಿ ಎಷ್ಟು ಕಾಲ ಬಾಳೀತು ಎಂದು ಅಳೆದು ಬರೆದುಕೊಡುವವರು ವಿರಳ. ಈ ವಿಮರ್ಶೆ ಮುಖ್ಯವಾಗಿ ಆ ಸೇವೆಯನ್ನು ಕುರಿತದ್ದು.

ಟ್ಯಾಂಕಿನ ಹೊರಮೈಗೆ ಹೋಸ್ ಪೈಪ್ ಇಡುವ ಟ್ರೇಯನ್ನು ಹಿಡಿದಿರುವ ಬ್ರಾಕೆಟ್‌ನ ತುದಿಯಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಮೊದಲು ಬೇರೊಂದು ಕಡೆ ಬಿರುಕಿನ ಮೇಲೆಯೇ ಬೆಸುಗೆ ಎಳೆದು ಬಣ್ಣ ಬಳಿದು ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಬಿರುಕು ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟಿತು. ಕಪನೂರಿನವರು ಆ ಜಾಗವನ್ನು ತೊಳೆದು, ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿರುಕಿನೊಳಗೆ ಇಳಿದ ದ್ರವವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಅನ್ನು ಮೇಲೆ ಸಿಂಪಡಿಸಿದರು. ಬರಿಗಣ್ಣಿಗೆ ಕಂಡಿದ್ದಕ್ಕಿಂತ ಬಹಳ ಉದ್ದದ ಕೆಂಪು ಗೆರೆ ಬಿಳಿಯ ಮೇಲೆ ಮೂಡಿತು. ಆ ಗೆರೆಯ ಕೊನೆಯವರೆಗೂ ಲೋಹವನ್ನು ಕೆತ್ತಿ ತೆಗೆದ ಮೇಲೆಯೇ ಬೆಸುಗೆಗೆ ಕೈ ಹಾಕಿದರು. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೂ ಅದರ ಮೇಲಿನ ಆಕ್ಸೈಡ್ ಪದರ 2,000 ಡಿಗ್ರಿ ದಾಟುವವರೆಗೂ ಕರಗುವುದಿಲ್ಲವಾದ್ದರಿಂದ, ಸ್ಟೇನ್‌ಲೆಸ್ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆಯುವ ಕೆಲಸವನ್ನು ಅವರು ಅವಸರಪಡದೆ ಮಾಡಿದರು. ತೇವದಿಂದ ಬರುವ ಹೈಡ್ರೋಜನ್ ಬೆಸುಗೆಯೊಳಗೆ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುತ್ತದೆ ಎಂಬ ಕಾರಣಕ್ಕೆ ಫಿಲ್ಲರ್ ಕಡ್ಡಿಗಳನ್ನು (ಕರಗಿಸಿ ಬೆಸುಗೆಗೆ ತುಂಬುವ ಲೋಹದ ಕಡ್ಡಿಗಳು) ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಮಳೆ ಹಿಡಿದ ದಿನ ಇಂಥ ಕೆಲಸವನ್ನು ಮುಟ್ಟುವುದೇ ಇಲ್ಲ.

ಇನ್ನು ಆಯಸ್ಸಿನ ಲೆಕ್ಕ. ಲೋಹದ ದಣಿವು, ವರ್ಕ್‌ಶಾಪಿನವರ ಬಾಯಲ್ಲಿ ಫಟೀಗ್, ಹೊರೆ ಮತ್ತೆ ಮತ್ತೆ ಏರಿ ಇಳಿಯುವುದರಿಂದ ಬರುತ್ತದೆ. ಬೆಸುಗೆ ಹಾಕಿದ ಅಲ್ಯುಮಿನಿಯಂ ಈ ವಿಷಯದಲ್ಲಿ ಉಕ್ಕಿಗಿಂತ ಬಹಳ ಸೂಕ್ಷ್ಮ. ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಶಿಫಾರಸುಗಳಲ್ಲಿ ಒಂದೇ ಬಗೆಯ ಜೋಡಣೆಗೆ ಅಲ್ಯುಮಿನಿಯಂನ ದರ್ಜೆ, ಅಂದರೆ ದಣಿವನ್ನು ತಾಳುವ ಶಕ್ತಿಯ ಅಂಕಿ, ಉಕ್ಕಿನ ದರ್ಜೆಯ ಸುಮಾರು ಮೂರನೇ ಒಂದು ಭಾಗ ಮಾತ್ರ. ಮೂಲ ಮಿಶ್ರಲೋಹ ಎಷ್ಟೇ ಗಟ್ಟಿಯಾದದ್ದಿರಲಿ, ಬೆಸುಗೆಯ ದರ್ಜೆ ಬದಲಾಗುವುದಿಲ್ಲ, ಏಕೆಂದರೆ ಬಿರುಕು ಹುಟ್ಟುವುದು ಬೆಸುಗೆಯ ಅಂಚಿನ ಆಕಾರದಿಂದ ಮತ್ತು ಅಲ್ಲಿ ಮೊದಲೇ ಇರುವ ಸಣ್ಣ ದೋಷಗಳಿಂದ. ಆದ್ದರಿಂದ ‘ದುಬಾರಿ ಶೀಟ್ ಹಾಕಿಸಿದ್ದೇವೆ, ಏನೂ ಆಗದು’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಟ್ಯಾಂಕಿನ ತಗಡು 6 ಮಿಲಿಮೀಟರ್ ದಪ್ಪದ್ದು. ಬೆಸುಗೆಯ ಅಂಚಿನಿಂದ 2.4 ಮಿಲಿಮೀಟರ್ ಮತ್ತು 6 ಮಿಲಿಮೀಟರ್ ದೂರದಲ್ಲಿ, ಅಂದರೆ ದಪ್ಪದ 0.4 ಪಟ್ಟು ಮತ್ತು 1 ಪಟ್ಟು ದೂರದಲ್ಲಿ, ಲೋಹ ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂದು ಅಳೆಯುವ, ಬೆರಳ ಉಗುರಿಗಿಂತ ಚಿಕ್ಕ ಸ್ಟ್ರೇನ್ ಗೇಜ್‌ಗಳನ್ನು ಅಂಟಿಸಿದರು. ಆ ಎರಡು ಅಳತೆಗಳಿಂದ ಅಂಚಿನಲ್ಲಿರುವ ಪ್ರತಿಬಲವನ್ನು (ಹೊರೆಯಿಂದ ಲೋಹದೊಳಗೆ ಏಳುವ ಒತ್ತಡ) ಅಂದಾಜು ಮಾಡುತ್ತಾರೆ. ಹೊರೆ ತುಂಬಿದ ಗಾಡಿಯನ್ನು ಹುಮನಾಬಾದ್‌ವರೆಗೆ ಓಡಿಸಿ, ಖಾಲಿ ಗಾಡಿಯಲ್ಲಿ ಮರಳಿ, ದಾಖಲಾದ ಏರಿಳಿತಗಳನ್ನು ಗಾತ್ರದ ಪ್ರಕಾರ ಎಣಿಸಿ, ಪ್ರತಿಯೊಂದೂ ಆಯಸ್ಸಿನ ಎಷ್ಟು ಪಾಲನ್ನು ತಿನ್ನುತ್ತದೆ ಎಂದು ಕೂಡಿಸಿದರು. ಕೂಡಿಸುವ ಈ ವಿಧಾನವನ್ನು ಮೈನರ್ ಎಂಬ ಎಂಜಿನಿಯರ್ 1945ರಲ್ಲಿ ಪ್ರಕಟಿಸಿದ್ದು. ಮೊತ್ತ 1 ಆಗುವವರೆಗೂ ಕಾಯದೆ 0.5 ಕ್ಕೇ ಆಯಸ್ಸು ಮುಗಿಯಿತೆಂದು ಎಣಿಸಿರುವುದು ನನಗೆ ತುಂಬ ಮೆಚ್ಚುಗೆಯಾಯಿತು, ಏಕೆಂದರೆ ಗುಂಡಿಬಿದ್ದ ರಸ್ತೆಯಲ್ಲಿ ಹೊರೆ ಒಂದೇ ಸಮನೆ ಇರುವುದಿಲ್ಲ.

ವರದಿಯಲ್ಲಿ ನಮ್ಮ ಕಣ್ಣು ತೆರೆಸಿದ ಭಾಗ ಓವರ್‌ಲೋಡ್ ಕುರಿತದ್ದು. ಪ್ರತಿಬಲದ ಏರಿಳಿತದ ಮೂರನೇ ಘಾತಕ್ಕೆ ತಕ್ಕಂತೆ ಆಯಸ್ಸು ಕುಗ್ಗುತ್ತದೆ: ಏರಿಳಿತ ಕಾಲು ಭಾಗ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎರಡು ಪಟ್ಟಾದರೆ ಎಂಟನೇ ಒಂದು ಪಾಲು ಉಳಿಯುತ್ತದೆ. ‘ಇನ್ನೊಂದಿಷ್ಟು ಹಾಕಿ, ಏನಾಗುತ್ತೆ’ ಎನ್ನುವ ಲೋಡಿಂಗ್ ಮೇಸ್ತ್ರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಹಾಳೆ ಬೇರೆ ಇಲ್ಲ.

ಬ್ರಾಕೆಟ್‌ನಂಥ ಚಿಕ್ಕ ವಸ್ತುವಿಗೆ ಇಷ್ಟೆಲ್ಲ ಯಾಕೆ ಎಂದು ನಮ್ಮಲ್ಲೇ ಕೆಲವರು ಕೇಳಿದರು. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ತೇಲುವ ವೇದಿಕೆ ಮಗುಚಿ 123 ಜನ ಸತ್ತರು. ಅದು ಉಕ್ಕಿನ ರಚನೆ. ಆದರೂ ದಣಿವಿನ ಬಿರುಕು ಹೊರಟಿದ್ದು ಹೈಡ್ರೋಫೋನ್ ಎಂಬ ಸಣ್ಣ ಉಪಕರಣವನ್ನು ಹಿಡಿದಿಡಲು ಹಾಕಿದ್ದ 6 ಮಿಲಿಮೀಟರ್ ಬೆಸುಗೆಯಿಂದ. ಹೊರೆ ಹೊರದ ತುಣುಕನ್ನು ಹೊರೆ ಹೊರುವ ಮೈಗೆ ಬೆಸೆದರೆ ಬಿರುಕು ಆ ಮೈಯೊಳಗೇ ನುಗ್ಗುತ್ತದೆ. ವರ್ಕ್‌ಶಾಪಿನವರು ಹೊಸ ಬ್ರಾಕೆಟ್‌ನ ತುದಿಗಳನ್ನು ಇಳಿಜಾರಾಗಿ ಕತ್ತರಿಸಿ, ಬೆಸುಗೆಯ ಅಂಚನ್ನು ಸಣ್ಣ ಬರ್‌ನಿಂದ (ತಿರುಗುತ್ತ ಲೋಹ ಕೊರೆಯುವ ಮೊನೆ) ನುಣುಪಾಗಿ ಉಜ್ಜಿದ್ದಾರೆ. ಅಂಚು ಉಜ್ಜಿದ್ದರ ಲಾಭವನ್ನು ವರದಿಯ ಲೆಕ್ಕದಲ್ಲಿ ಸೇರಿಸದೆ ಬಿಟ್ಟಿರುವುದೂ ಅವರ ಪ್ರಾಮಾಣಿಕತೆಯೆಂದೇ ಭಾವಿಸುತ್ತೇನೆ.

ಕೊರತೆಗಳೂ ಇವೆ. ಅಂಚಿನ ಬಿರುಕನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ. ಹೊರೆ ಹೊರುವ ಫಿಲೆಟ್ ಬೆಸುಗೆಗಳಲ್ಲಿ (ಎರಡು ಭಾಗ ಸೇರುವ ಮೂಲೆಯಲ್ಲಿ ಹಾಕುವವು) ಬಿರುಕು ಬೇರಿನಿಂದಲೂ, ಅಂದರೆ ಬೆಸುಗೆಯ ಒಳತುದಿಯಿಂದಲೂ, ಹುಟ್ಟಬಹುದು, ಮತ್ತು ಅದು ಹೊರಮೈಗೆ ಬರುವವರೆಗೂ ಕೆಂಪು ದ್ರವಕ್ಕೆ ಸಿಗುವುದಿಲ್ಲ. ಟ್ಯಾಂಕಿನ ಕಾಲುಗಳ ಬಳಿಯ ಬೆಸುಗೆಗಳಿಗೆ ಈ ಲೆಕ್ಕ ಅಗತ್ಯವಾಗಿ ಬೇಕಿತ್ತು. ಕೇಳಿದಾಗ ಬೇರೆ ಶುಲ್ಕವೆಂದರು. ವರದಿ ಪೂರ್ತಿ ಇಂಗ್ಲಿಷ್‌ನಲ್ಲಿದೆ. ನಾವು ಒತ್ತಾಯಿಸಿದ ಮೇಲೆ, ಯಾವ ಜಾಗವನ್ನು ಎಷ್ಟು ಕಿಲೋಮೀಟರ್‌ಗೊಮ್ಮೆ ನೋಡಬೇಕು ಎಂಬುದನ್ನು ಚಿತ್ರಸಹಿತ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರು. ಚಾಲಕರು ಈಗ ಅದನ್ನು ಕ್ಯಾಬಿನ್‌ನಲ್ಲಿಯೇ ಇಟ್ಟುಕೊಂಡಿದ್ದಾರೆ. ಅದು ಎಲ್ಲ ಗಿರಾಕಿಗಳಿಗೂ ಕೇಳದೆಯೇ ಸಿಗಬೇಕು.

ಕೇವಲ ಬಾಗಿಲು, ಏಣಿ, ಮಡ್‌ಗಾರ್ಡ್‌ಗಳ ರಿಪೇರಿಗೆ ಗೇಜ್ ಪರೀಕ್ಷೆಯ ಖರ್ಚು ಬೇಡ, ಬೆಸುಗೆಯೊಂದೇ ಸಾಕು. ಬಲ್ಕರ್, ಟ್ಯಾಂಕರ್, ಟಿಪ್ಪರ್ ಬಾಡಿಯ ಮುಖ್ಯ ಮೈಯಲ್ಲಿ ಬಿರುಕು ಒಮ್ಮೆ ಮರುಕಳಿಸಿದ್ದರೆ ಮಾತ್ರ ಪೂರ್ತಿ ಪರೀಕ್ಷೆ ಮಾಡಿಸಿ, ಬೇರಿನ ಲೆಕ್ಕವನ್ನೂ ಮೊದಲೇ ಮಾತಾಡಿ ಸೇರಿಸಿಕೊಳ್ಳಿ. ಗಾಡಿಯನ್ನು ಸುಮಾರು ಹತ್ತು ದಿನ ಬಿಟ್ಟುಕೊಡಬೇಕಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು.